ಬಲೆಗೆ ಸಿಕ್ಕರೂ ಹೆಸರು ಸಿಗದ ಏಡಿಗಳು



ಉಷ್ಣವಲಯದ ಕಡಲೇಡಿಗಳನ್ನು ವಿವರಿಸುವ, ವಿಂಗಡಿಸುವ, ಹೆಸರಿಡುವ ಕೆಲಸದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಕರಾವಳಿಯಲ್ಲಿ ಏಡಿಯ ಪರಿಚಯವನ್ನು ಯಾರಿಗೂ ಮಾಡಿಕೊಡಬೇಕಾಗಿಲ್ಲ. ತುಳು ಮನೆಯಲ್ಲಿ ಡೆಂಜಿ, ಕೊಂಕಣಿ ಮನೆಯಲ್ಲಿ ಕುರ್ಲಿ, ಕುಂದಾಪುರದ ಕಡೆ ಏಡಿ ಎನ್ನುತ್ತ ನಾವೆಲ್ಲ ಅದರೊಂದಿಗೇ ಬೆಳೆದವರು. ಇಷ್ಟು ಪರಿಚಿತವಾದ ಪ್ರಾಣಿಯಲ್ಲೇ ವಿಜ್ಞಾನಕ್ಕೆ ತಿಳಿಯದ್ದು ಎಷ್ಟೊಂದು ಉಳಿದಿದೆ, ತಿಳಿದಿದೆ ಎಂದುಕೊಂಡದ್ದೂ ಎಷ್ಟು ಸಲ ತಲೆಕೆಳಗಾಗಿದೆ ಎಂಬುದನ್ನು ಹೇಳಲೆಂದು ಬಂದಿದ್ದೇನೆ. ಹೆಸರಿಡುವುದು ಮ್ಯೂಸಿಯಮ್ಮಿನಲ್ಲಿ ಕುಳಿತವರ ಹವ್ಯಾಸ ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಕಡಲಿನ ಎಲ್ಲ ಲೆಕ್ಕಾಚಾರಕ್ಕೂ ಮೊದಲು ಆಗಬೇಕಾದ ಕೆಲಸ ಅದು ಎಂಬುದು ನನ್ನ ನಂಬಿಕೆ. ಯಾವ ಏಡಿ ಎಂದು ತಿಳಿಯದೆ ಎಷ್ಟು ಏಡಿ ಎಂದು ಎಣಿಸಿ ಪ್ರಯೋಜನವಿಲ್ಲ.

2008ರಲ್ಲಿ ಸಿಂಗಾಪುರದ ಪೀಟರ್ ಎಂಗ್, ಪ್ಯಾರಿಸ್ಸಿನ ಡ್ಯಾನಿಯೆಲ್ ಗಿನೊ, ಆಸ್ಟ್ರೇಲಿಯದ ಪೀಟರ್ ಡೇವಿ ಸೇರಿ ಲೋಕದ ಏಡಿಗಳನ್ನೆಲ್ಲ ಒಂದು ಪಟ್ಟಿಗೆ ತಂದರು. ಪ್ರಭೇದ, ಉಪಪ್ರಭೇದಗಳೆಲ್ಲ ಸೇರಿ ಮಾನ್ಯವಾದವು 6,793, ಕುಟುಂಬಗಳು 93. ಅದೇ ಪಟ್ಟಿಯಲ್ಲಿ 1,907 ಹೆಸರುಗಳು ಪರ್ಯಾಯನಾಮಗಳೆಂದು ಬದಿಗೆ ಸರಿದಿವೆ. ಈ ಎರಡನೆಯ ಅಂಕಿಯೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು. ಇನ್ನೊಬ್ಬರು ಆಗಲೇ ಹೆಸರಿಟ್ಟಿದ್ದ ಏಡಿಗೆ ಮತ್ತೊಬ್ಬರು, ಬೇರೆ ದೇಶದಲ್ಲಿ, ಬೇರೆ ಭಾಷೆಯಲ್ಲಿ, ಹಳೆಯ ಮಾದರಿಯನ್ನು ನೋಡಲಾಗದೆ ಮತ್ತೆ ಹೆಸರಿಟ್ಟದ್ದರ ಫಲ ಅದು. ಭಾರತದ ಕಡಲೇಡಿಗಳ ವಿವರವಾದ ಪಟ್ಟಿ 2018ರಲ್ಲಿ ಬಂತು. ಅದರಲ್ಲಿ 62 ಕುಟುಂಬಗಳ 910 ಪ್ರಭೇದಗಳಿವೆ. ಇವುಗಳಲ್ಲಿ ಮಾರುಕಟ್ಟೆಗೆ ಬರುವ ಬಗೆಗಳನ್ನು ಬೆರಳಲ್ಲಿ ಎಣಿಸಬಹುದು. ಉಳಿದವು ಹವಳದ ಸಂದಿಯಲ್ಲಿ, ಕಾಂಡ್ಲದ ಬೇರಿನಲ್ಲಿ, ಕಪ್ಪೆಚಿಪ್ಪಿನ ಒಳಗೆ, ಟ್ರಾಲ್ ಬಲೆಯ ಕೊನೆಯ ಚೀಲದ ಕಸದಲ್ಲಿ ಇರುತ್ತವೆ.

ಆದರೆ ಅಪರಿಚಿತ ಏಡಿಗೆ ಹೋಗುವ ಮೊದಲು ತೀರ ಪರಿಚಿತವಾದ ಒಂದರ ಕಥೆಯನ್ನು ವಿವರವಾಗಿ ಹೇಳಬೇಕು. ವಿಂಗಡಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಳಿವೆಯ ಕೆಸರಿನಲ್ಲಿ ಬಿಲ ಮಾಡುವ, ಹಗ್ಗದಿಂದ ಇಕ್ಕುಳ ಬಿಗಿದು ಜೀವಂತವಾಗಿ ಮಾರುವ ದೊಡ್ಡ ಕೆಸರೇಡಿ ನಿಮಗೆಲ್ಲ ಗೊತ್ತು. ಅದರ ಕುಲದ ಹೆಸರು ಸಿಲ್ಲಾ. ಈ ಕುಲದ ಮೊದಲ ಏಡಿಯನ್ನು ವಿವರಿಸಿದವನು ಪೇಟರ್ ಫೋರ್ಸ್‌ಕಾಲ್, ಲಿನೇಯಸ್‌ನ ಶಿಷ್ಯ. ಡೆನ್ಮಾರ್ಕಿನ ದೊರೆ 1761ರಲ್ಲಿ ಅರೇಬಿಯಕ್ಕೆ ಕಳಿಸಿದ ಅಧ್ಯಯನ ತಂಡದಲ್ಲಿ ಅವನಿದ್ದ. ಕೆಂಪು ಸಮುದ್ರದ ದಂಡೆಯಲ್ಲಿ ಗಿಡ, ಮೀನು, ಏಡಿಗಳನ್ನು ಕೂಡಿಸುತ್ತ, ಬರೆಯುತ್ತ ಹೋದ ಅವನು 1763ರ ಜುಲೈಯಲ್ಲಿ ಯೆಮನ್ನಿನ ಯರೀಮ್ ಎಂಬ ಊರಿನಲ್ಲಿ ಜ್ವರದಿಂದ ತೀರಿಕೊಂಡ. ಆಗ ಅವನಿಗೆ 31 ವರ್ಷ. ತಂಡದಲ್ಲಿ ಬದುಕಿ ಹಿಂತಿರುಗಿದವನು ಕಾರ್‌ಸ್ಟೆನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಜೋಪಾನವಾಗಿ ತಂದು 1775ರಲ್ಲಿ ಅಚ್ಚು ಹಾಕಿಸಿದವನೂ ಅವನೇ. ನಾವು ಇಂದು ಸಿಲ್ಲಾ ಸೆರ್ರಾಟಾ ಎನ್ನುವ ಏಡಿ ಹೀಗೆ, ಹೆಸರಿಟ್ಟವನು ಸತ್ತು ಹನ್ನೆರಡು ವರ್ಷವಾದ ಮೇಲೆ ಲೋಕಕ್ಕೆ ಬಂತು. ವಿವರಣೆ ಕೆಲವೇ ಸಾಲಿನ ಲ್ಯಾಟಿನ್. ಮಾದರಿ ಏಡಿ ಉಳಿಯಲಿಲ್ಲ.

ಇಲ್ಲಿ ಒಂದು ನಿಯಮವನ್ನು ತಿಳಿಸಬೇಕು. ಪ್ರಾಣಿಗೆ ಹೆಸರಿಟ್ಟಾಗ ಆ ಹೆಸರು ಒಂದು ನಿಜವಾದ ದೇಹಕ್ಕೆ ಕಟ್ಟಿಕೊಂಡಿರಬೇಕು. ಅದನ್ನು ಹೋಲೋಟೈಪ್ ಎನ್ನುತ್ತೇವೆ. ಮುಂದೆ ಯಾರಿಗಾದರೂ ಸಂಶಯ ಬಂದರೆ ಪುಸ್ತಕದ ಮಾತಿಗಿಂತ ಆ ದೇಹದ ಸಾಕ್ಷ್ಯವೇ ದೊಡ್ಡದು. ಫೋರ್ಸ್‌ಕಾಲ್‌ನ ಕಾಲದಲ್ಲಿ ಈ ನಿಯಮವಿರಲಿಲ್ಲ. ಹಾಗಾಗಿ ಅವನ ನಂತರ ಬಂದವರೆಲ್ಲ ಕೆಲವು ಸಾಲುಗಳನ್ನು ಓದಿಕೊಂಡು, ತಮ್ಮ ಮುಂದಿದ್ದ ಏಡಿ ಅದೇ ಇರಬೇಕೆಂದು ಊಹಿಸಿದರು. ಬರ್ಲಿನ್ನಿನ ಪಾದ್ರಿ ಹೆರ್ಬ್ಸ್ಟ್ ಬಣ್ಣ ತುಂಬಿದ ಚಿತ್ರಗಳೊಂದಿಗೆ ಏಡಿಗಳ ದೊಡ್ಡ ಗ್ರಂಥವನ್ನು ಕಂತು ಕಂತಾಗಿ ಹೊರತರುತ್ತಿದ್ದ. 1796ರಲ್ಲಿ ಅವನು ಆಲಿವೇಸಿಯಾ ಎಂಬ ಇನ್ನೊಂದು ಹೆಸರು ಕೊಟ್ಟ. 1798ರಲ್ಲಿ ಫ್ಯಾಬ್ರಿಶಿಯಸ್, ಡೇನರ ವಸಾಹತಾಗಿದ್ದ ನಮ್ಮ ತರಂಗಂಬಾಡಿಯ ಹೆಸರಿನಲ್ಲಿ ಮತ್ತೊಂದನ್ನು ಟ್ರಾಂಕ್ವೆಬಾರಿಕಾ ಎಂದು ಕರೆದ. ಹೀಗೆ ಇಪ್ಪತ್ತಮೂರು ವರ್ಷಗಳಲ್ಲಿ ಮೂರು ಹೆಸರು ಹುಟ್ಟಿದವು. ಅವು ಮೂರು ಏಡಿಗಳೋ, ಒಂದೇ ಏಡಿಯ ಮೂರು ರೂಪಗಳೋ ಎಂಬ ಜಗಳ ಇನ್ನೂರು ವರ್ಷ ನಡೆಯಿತು.

ಫಿಲಿಪ್ಪೀನ್ಸಿನ ಮೀನುಗಾರರು ಈ ಜಗಳದಲ್ಲಿ ಇರಲಿಲ್ಲ. ಅವರು ತಮ್ಮ ಅಳಿವೆಗಳಲ್ಲಿ ಕೆಸರೇಡಿಯ ಬಗೆಗಳನ್ನು ಬಣ್ಣ, ಮುಳ್ಳು, ಸ್ವಭಾವಗಳಿಂದ ಬೇರೆ ಬೇರೆಯಾಗಿ ಗುರುತಿಸಿ ಬಾನ್‌ಹವಿನ್, ಮಮೊಸೈನ್ ಎಂದೆಲ್ಲ ಕರೆಯುತ್ತಿದ್ದರು. ಅಲ್ಲಿಯ ಪ್ರಾಣಿಶಾಸ್ತ್ರಜ್ಞ ಎಸ್ಟಾಂಪಡೋರ್ ಈ ಮೀನುಗಾರರ ಮಾತಿಗೆ ಕಿವಿಗೊಟ್ಟು 1949ರಲ್ಲಿ ಮೂರು ಪ್ರಭೇದ, ಒಂದು ಉಪಬಗೆ ಎಂದು ವಿಂಗಡಿಸಿದರು. ಆ ಉಪಬಗೆಗೆ ಅವರು ಕೊಟ್ಟ ಪ್ಯಾರಾಮಮೊಸೈನ್ ಎಂಬ ಹೆಸರಿನಲ್ಲಿ ಮೀನುಗಾರರ ಮಾತು ಇಂದಿಗೂ ಉಳಿದಿದೆ. ಆದರೆ 1960ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿದ್ವಾಂಸರು, ಸ್ಟೀಫನ್‌ಸನ್ ಮತ್ತು ಕ್ಯಾಂಪ್‌ಬೆಲ್, ಇವೆಲ್ಲ ಒಂದೇ ಪ್ರಭೇದ, ಇರುವುದು ಸಿಲ್ಲಾ ಸೆರ್ರಾಟಾ ಮಾತ್ರ ಎಂದರು. ಲೋಕ ಅವರ ಮಾತನ್ನು ಒಪ್ಪಿತು. ಮುಂದಿನ ನಾಲ್ಕು ದಶಕ ಪೂರ್ವ ಆಫ್ರಿಕದಿಂದ ಶಾಂತಸಾಗರದ ದ್ವೀಪಗಳವರೆಗೆ ಕೆಸರೇಡಿಯ ಮೇಲೆ ಬರೆದವರಲ್ಲಿ ಬಹುಪಾಲಿನವರು ಒಂದೇ ಹೆಸರನ್ನು ಬಳಸಿದರು.

ಕೊನೆಗೆ 1998ರಲ್ಲಿ ಆಸ್ಟ್ರೇಲಿಯದವರೇ ಆದ ಕೀನನ್, ಡೇವಿ, ಮ್ಯಾನ್ ಈ ಗಂಟನ್ನು ಬಿಡಿಸಿದರು. ಕೆಂಪು ಸಮುದ್ರದಿಂದ ಶಾಂತಸಾಗರದವರೆಗಿನ ಏಡಿಗಳನ್ನು ತರಿಸಿ, ಪ್ರೋಟೀನುಗಳನ್ನೂ ಮೈಟೊಕಾಂಡ್ರಿಯದ ಡಿಎನ್‌ಎಯನ್ನೂ ಹೋಲಿಸಿದರು; ಜೊತೆಗೆ ಮೈಯ ಅಳತೆಗಳನ್ನು ತಾಳೆ ನೋಡಿದರು. ಪ್ರಭೇದಗಳು ನಾಲ್ಕು: ಸೆರ್ರಾಟಾ, ಟ್ರಾಂಕ್ವೆಬಾರಿಕಾ, ಆಲಿವೇಸಿಯಾ, ಪ್ಯಾರಾಮಮೊಸೈನ್. ಫೋರ್ಸ್‌ಕಾಲ್‌ನ ಏಡಿ ಕಳೆದುಹೋಗಿದ್ದರಿಂದ ಅವನು ನಡೆದಾಡಿದ ಕೆಂಪು ಸಮುದ್ರದ್ದೇ ಇನ್ನೊಂದು ಏಡಿಯನ್ನು ಆ ಹೆಸರಿಗೆ ಹೊಸ ಮಾದರಿಯಾಗಿ ಗೊತ್ತುಮಾಡಿದರು. ಇದಕ್ಕೆ ನಿಯೋಟೈಪ್ ಎನ್ನುತ್ತಾರೆ. ತೀರಿಕೊಂಡ ಆ ತರುಣನ ಕೆಲಸ 223 ವರ್ಷಗಳ ನಂತರ ಒಂದು ದೇಹಕ್ಕೆ ಭದ್ರವಾಗಿ ಕಟ್ಟಿಕೊಂಡಿತು. ಫಿಲಿಪ್ಪೀನ್ಸಿನ ಮೀನುಗಾರರ ಕಣ್ಣು ಸರಿಯಾಗಿಯೇ ನೋಡಿತ್ತೆಂದೂ ಸಾಬೀತಾಯಿತು.

ಗುರುತು ಹಿಡಿಯುವ ಲಕ್ಷಣಗಳನ್ನು ಇಲ್ಲಿಗೆ ಬಂದಿರುವ ಮೀನುಗಾರ ಬಂಧುಗಳಿಗಾಗಿ ಹೇಳುತ್ತೇನೆ. ಎರಡು ಕಣ್ಣುಗಳ ನಡುವಿನ ಹಣೆಯ ಅಂಚಿನಲ್ಲಿ ನಾಲ್ಕು ಹಲ್ಲುಗಳಿವೆ. ಇಕ್ಕುಳದ ಅಂಗೈಗಿಂತ ಹಿಂದಿನ ಗೆಣ್ಣಿನ ಹೊರಮೈಯಲ್ಲಿ ಮುಳ್ಳುಗಳಿವೆ. ಕಾಲುಗಳ ಮೇಲೆ ಬಲೆಗಣ್ಣಿನಂಥ ಚಿತ್ತಾರವಿದೆ. ಹಣೆಯ ಹಲ್ಲು ಎತ್ತರವಾಗಿದ್ದು, ಗೆಣ್ಣಿನ ಮೇಲೆ ಎರಡು ಮುಳ್ಳು ಸ್ಪಷ್ಟವಾಗಿದ್ದು, ಎಲ್ಲ ಕಾಲುಗಳಲ್ಲೂ ಚಿತ್ತಾರ ಕಂಡರೆ ಅದು ಸೆರ್ರಾಟಾ. ಹಣೆಯ ಹಲ್ಲು ತಗ್ಗಾಗಿ ದುಂಡಗಿದ್ದು, ಗೆಣ್ಣಿನ ಒಳಗಿನ ಮುಳ್ಳು ಇಲ್ಲದೆ, ಹೊರಗಿನದು ಸವೆದಂತಿದ್ದು, ಚಿತ್ತಾರ ಕಾಣದಿದ್ದರೆ ಆಲಿವೇಸಿಯಾ. ಸೆರ್ರಾಟಾ ದೊಡ್ಡದಾಗಿ ಬೆಳೆಯುತ್ತದೆ. ಆಲಿವೇಸಿಯಾ ಚಿಕ್ಕದು, ಮೈ ಕೆಂಪು ಕಂದು, ಗಾತ್ರ ಸಣ್ಣದಿರುವಾಗಲೇ ಪ್ರೌಢವಾಗುತ್ತದೆ.

ನಮ್ಮ ದೇಶದ ಪಾಡು ಏನಾಗಿತ್ತೆಂದರೆ, ಇಲ್ಲಿ ಹಿಂದಿನಿಂದ ಎರಡು ಬಗೆಗಳನ್ನು ಗುರುತಿಸುತ್ತಿದ್ದರು. ದೊಡ್ಡ ಹಸಿರಿನದನ್ನು ಟ್ರಾಂಕ್ವೆಬಾರಿಕಾ ಎಂದೂ ಚಿಕ್ಕ ಕೆಂಪಿನದನ್ನು ಸೆರ್ರಾಟಾ ಎಂದೂ ಬರೆಯುತ್ತಿದ್ದರು. ಡಿಎನ್‌ಎ ಪರೀಕ್ಷೆಗಳು ನಡೆದಾಗ ದೊಡ್ಡದೇ ನಿಜವಾದ ಸೆರ್ರಾಟಾ, ಚಿಕ್ಕದು ಆಲಿವೇಸಿಯಾ ಎಂದು ತಿಳಿಯಿತು. ಈ ಒಂದು ಅದಲುಬದಲಿನ ಪರಿಣಾಮವನ್ನು ಯೋಚಿಸಿ. ಎಷ್ಟು ಅಗಲದ ಚಿಪ್ಪಾದ ಮೇಲೆ ಏಡಿ ಮೊಟ್ಟೆಗೆ ಬರುತ್ತದೆ, ಎಷ್ಟು ತಿಂಗಳಲ್ಲಿ ಎಷ್ಟು ತೂಗುತ್ತದೆ, ಯಾವ ಉಪ್ಪಿನಂಶದಲ್ಲಿ ಮರಿ ಉಳಿಯುತ್ತದೆ ಎಂಬ ದಶಕಗಳ ಅಂಕಿಗಳೆಲ್ಲ ಈ ಹೆಸರುಗಳಡಿ ಅಚ್ಚಾಗಿವೆ. ಅವುಗಳಲ್ಲಿ ಯಾವುದು ಯಾವ ಏಡಿಯದು ಎಂದು ಇಂದು ಒಂದೊಂದು ಲೇಖನವನ್ನೂ ಮತ್ತೆ ಓದಿ ಊಹಿಸಬೇಕು. ಲೇಖಕರು ಮಾದರಿಯನ್ನು ಬಾಟಲಿಯಲ್ಲಿ ಉಳಿಸಿದ್ದರೆ ಒಂದು ದಿನದ ಕೆಲಸ. ಉಳಿಸದಿದ್ದರೆ ಆ ಅಂಕಿಗಳು ಸುಮ್ಮನೆ ಬಿದ್ದಿರುತ್ತವೆ. ಸಣ್ಣಗಿರುವಾಗಲೇ ಪ್ರೌಢವಾಗುವ ಏಡಿಯ ಅಳತೆಯನ್ನು ದೊಡ್ಡ ಏಡಿಗೆ ಹಚ್ಚಿ ಹಿಡಿಯುವ ಮಿತಿಯನ್ನು ಗೊತ್ತುಮಾಡಿದರೆ, ಒಮ್ಮೆಯೂ ಮೊಟ್ಟೆಯಿಡದ ಹೆಣ್ಣುಗಳನ್ನು ಕಾನೂನಿನ ಪ್ರಕಾರವೇ ಮುಗಿಸಿದ ಹಾಗಾಗುತ್ತದೆ. ಇದೇ ತರಂಗಂಬಾಡಿಯಿಂದ ಹೆಚ್ಚು ದೂರವಿಲ್ಲದ ಶೀರ್ಕಾಳಿಯ ಬಳಿ ಈಗ ಕೆಸರೇಡಿ ಮರಿಗಳನ್ನು ಉತ್ಪಾದಿಸುವ ಹ್ಯಾಚರಿ ಇದೆ. ಅಲ್ಲಿ ಬೆಳೆಸುವುದು ಸೆರ್ರಾಟಾವನ್ನು. ತಾಯಿ ಏಡಿ ಯಾವುದೆಂಬ ಖಾತರಿ ಇಲ್ಲದೆ ಅಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು.

ನೀಲಿ ಏಡಿಯ ಕಥೆಯೂ ಇಂಥದ್ದೇ. ಲಿನೇಯಸ್ 1758ರಲ್ಲಿ ಹೆಸರಿಟ್ಟ ಪೋರ್ಟುನಸ್ ಪೆಲಾಜಿಕಸ್ ಒಂದೇ ಪ್ರಭೇದ ಎಂದು ಎಲ್ಲರೂ ನಂಬಿದ್ದರು. 2010ರಲ್ಲಿ ಅದು ನಾಲ್ಕಾಯಿತು.

ಇನ್ನು ಹೊಸ ಏಡಿಯೊಂದನ್ನು ವಿವರಿಸುವುದು ಹೇಗೆ ಎಂಬ ಕೆಲಸದ ಮಾತು. ಬೆನ್ನಚಿಪ್ಪಿನ ಉದ್ದ ಅಗಲಗಳನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆಯುತ್ತೇವೆ. ಚಿಪ್ಪಿನ ಅಂಚಿನ ಹಲ್ಲುಗಳು, ಕಣ್ಣುಗುಳಿಯ ಆಕಾರ, ಬಾಯಿಯನ್ನು ಮುಚ್ಚುವ ಮೂರನೆಯ ಜೋಡಿ ಅವಯವ, ಎಡಬಲ ಇಕ್ಕುಳಗಳ ವ್ಯತ್ಯಾಸ, ನಡೆಯುವ ಕಾಲಿನ ಒಂದೊಂದು ಗೆಣ್ಣಿನ ಉದ್ದ, ಕೂದಲು ಎಲ್ಲಿದೆ, ಎಲ್ಲಿಲ್ಲ, ಎಲ್ಲವನ್ನೂ ಬರೆಯಬೇಕು. ಇಷ್ಟಾದರೂ ತೀರ್ಮಾನ ಸಿಗುವುದು ಬಹುಮಟ್ಟಿಗೆ ಏಡಿಯ ಹೊಟ್ಟೆಯ ಕೆಳಗೆ. ಗಂಡಿನ ಹೊಟ್ಟೆಯ ಮಡಿಕೆ ಕಿರಿದು, ಹೆಣ್ಣಿನದು ಅಗಲ ಎಂಬುದನ್ನು ಮೀನು ಮಾರುವ ಅಕ್ಕಂದಿರು ನೋಡಿದ ಕೂಡಲೇ ಹೇಳುತ್ತಾರೆ. ಗಂಡಿನ ಆ ಮಡಿಕೆಯನ್ನು ಎತ್ತಿದರೆ ಕೂಡುವಾಗ ಬಳಸುವ ಎರಡು ಜೋಡಿ ಕಡ್ಡಿಗಳು ಕಾಣುತ್ತವೆ. ಮೊದಲ ಜೋಡಿಯ ತುದಿ ಹೇಗೆ ಬಾಗಿದೆ, ಅಲ್ಲಿ ಎಷ್ಟು ಮುಳ್ಳು, ಬಾಯಿ ಯಾವ ಕಡೆ ತೆರೆದಿದೆ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಹೊರಗಿನಿಂದ ನೋಡಿದರೆ ಅವಳಿಗಳಂತಿರುವ ಎರಡು ಏಡಿಗಳು ಇಲ್ಲಿ ಬೇರೆಯಾಗುತ್ತವೆ. ಅದಕ್ಕೇ ಹೋಲೋಟೈಪ್ ಸಾಮಾನ್ಯವಾಗಿ ಗಂಡಾಗಿರುತ್ತದೆ.

ದೊಡ್ಡ ವಿಂಗಡಣೆಗೂ ಇದೇ ಜಾಗ ಆಧಾರವಾಗಿದೆ. ಗಿನೊ ಅವರು 1970ರ ದಶಕದಲ್ಲಿ ಜನನರಂಧ್ರಗಳು ಎಲ್ಲಿವೆ ಎಂಬುದರ ಮೇಲೆ ಏಡಿಗಳನ್ನು ಮೂರು ಗುಂಪು ಮಾಡಿದರು. ಗಂಡು ಹೆಣ್ಣು ಎರಡರಲ್ಲೂ ರಂಧ್ರ ಕಾಲಿನ ಬುಡದಲ್ಲಿದ್ದರೆ ಒಂದು ಗುಂಪು. ಬೆನ್ನ ಮೇಲೆ ಸ್ಪಂಜು ಹೊತ್ತು ತಿರುಗುವ ಏಡಿಗಳು ಇದರಲ್ಲಿವೆ. ಹೆಣ್ಣಿನದು ಎದೆಯ ಫಲಕಕ್ಕೆ ಬಂದು ಗಂಡಿನದು ಕಾಲಿನ ಬುಡದಲ್ಲೇ ಉಳಿದರೆ ಎರಡನೆಯದು. ಕೆಸರೇಡಿ, ನೀಲಿ ಏಡಿಗಳು ಇಲ್ಲಿ. ಎರಡೂ ಎದೆಗೆ ಬಂದರೆ ಮೂರನೆಯದು. ಮರಳಿನ ಮೇಲೆ ಓಡಿ ಬಿಲ ಸೇರುವ ಏಡಿ, ಒಂದೇ ದೊಡ್ಡ ಇಕ್ಕುಳ ಬೀಸುವ ಫಿಡ್ಲರ್ ಏಡಿ ಈ ಮೂರನೆಯ ಗುಂಪಿನವು. ಫಿಡ್ಲರ್ ಏಡಿಗಳನ್ನೆಲ್ಲ ಊಕಾ ಎಂಬ ಒಂದೇ ಕುಲದಲ್ಲಿ ಓದಿದ ವಿದ್ಯಾರ್ಥಿಗಳು 2016ರಿಂದ ಅವು ಹನ್ನೊಂದು ಕುಲಗಳಾಗಿವೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

ಬಣ್ಣದ ಮಾತು ಬೇರೆಯೇ ಒಂದು ದುಃಖ. ಜೀವಂತ ಹವಳದ ಕೊಂಬೆಗಳ ನಡುವೆ ಟ್ರಪೀಜಿಯಾ ಎಂಬ ಪುಟ್ಟ ಏಡಿಗಳಿವೆ. ಹವಳವನ್ನು ತಿನ್ನಲು ಬರುವ ಮುಳ್ಳಿನ ನಕ್ಷತ್ರಮೀನನ್ನು ಕಚ್ಚಿ ಓಡಿಸುವಷ್ಟು ಧೈರ್ಯ ಅವಕ್ಕೆ. ಕೆಲವಕ್ಕೆ ಮೈತುಂಬ ಕೆಂಪು ಚುಕ್ಕಿ, ಕೆಲವಕ್ಕೆ ಗೆರೆಗಳ ಬಲೆ. ಆಲ್ಕೋಹಾಲಿನಲ್ಲಿ ಇಟ್ಟ ಮೇಲೆ ಕೆಂಪು ಮಾಸುತ್ತ ಹೋಗಿ ಎಲ್ಲವೂ ಒಂದೇ ತೆರನ ಬಿಳಿಚು ಬಣ್ಣಕ್ಕೆ ಬರುತ್ತವೆ. ಹಳೆಯ ವಿದ್ವಾಂಸರಿಗೆ ಸಿಗುತ್ತಿದ್ದುದು ಆ ಬಣ್ಣಗೆಟ್ಟ ದೇಹ. ಸಮುದ್ರದಿಂದ ಎತ್ತಿದ ಕ್ಷಣದಲ್ಲಿ ತೆಗೆದ ಚಿತ್ರ ಎಷ್ಟು ಅಮೂಲ್ಯ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ರೇಖಾಚಿತ್ರದ ಕೆಲಸವನ್ನು ಫೋಟೋಗೆ ಬಿಟ್ಟುಕೊಡುವುದು ಸರಿಯಲ್ಲ. ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತ ಕೈಯಿಂದ ಬರೆಯುವವರು ಪ್ರತಿ ಮುಳ್ಳನ್ನೂ ಇದೆಯೋ ಇಲ್ಲವೋ ಎಂದು ತೀರ್ಮಾನಿಸಿಯೇ ಬರೆಯಬೇಕು. ಯಾವ ಪರೀಕ್ಷೆಯೂ ಕಣ್ಣನ್ನು ಅಷ್ಟು ತಿದ್ದುವುದಿಲ್ಲ. ಡಿಎನ್‌ಎಯ ಬಗ್ಗೆಯೂ ಇದೇ ಮಾತು. ಅದು ದೊಡ್ಡ ಸಹಾಯ. ಆದರೆ ತಪ್ಪು ಹೆಸರಿನ ಏಡಿಯಿಂದ ತೆಗೆದ ಡಿಎನ್‌ಎ ದತ್ತಸಂಚಯಕ್ಕೆ ಸೇರಿದರೆ, ಮುಂದೆ ಅದಕ್ಕೆ ತಾಳೆ ನೋಡುವವರೆಲ್ಲರೂ ಅದೇ ತಪ್ಪನ್ನು ನಿಖರವಾಗಿ ನಕಲು ಮಾಡುತ್ತಾರೆ.

ಏಡಿ ತನ್ನ ಬಾಲ್ಯದಲ್ಲಿ ಏಡಿಯಂತೆ ಇರುವುದಿಲ್ಲ ಎಂಬುದೂ ವಿಂಗಡಣೆಯವರನ್ನು ಬಹಳ ಕಾಲ ದಾರಿ ತಪ್ಪಿಸಿತು. ಮೊಟ್ಟೆಯಿಂದ ಬರುವುದು ತಲೆಯ ಮೇಲೆ ಮುಳ್ಳಿರುವ, ನೀರಲ್ಲಿ ತೇಲುವ ಒಂದು ಕಣ. 19ನೆಯ ಶತಮಾನದ ಆರಂಭದಲ್ಲಿ ಅದನ್ನು ಪ್ರತ್ಯೇಕ ಪ್ರಾಣಿಯೆಂದೇ ತಿಳಿದು ಜೊಯಿಯಾ ಎಂಬ ಕುಲವನ್ನು ಮಾಡಿದ್ದರು. ಅದರ ಮುಂದಿನ ಹಂತಕ್ಕೆ ಮೆಗಲೋಪಾ ಎಂಬ ಇನ್ನೊಂದು ಕುಲ. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ವಾನ್ ಥಾಂಪ್ಸನ್ ಎಂಬ ಸೇನಾವೈದ್ಯ 1820ರ ದಶಕದಲ್ಲಿ ಇವು ಏಡಿಯ ಮರಿಗಳೇ ಎಂದು ತೋರಿಸಿದಾಗ ಹಲವರು ನಂಬಲಿಲ್ಲ. ಇಂದು ಆ ಎರಡು ಕುಲಗಳ ಹೆಸರುಗಳು ಹಂತಗಳ ಹೆಸರಾಗಿ ಉಳಿದಿವೆ. ನಮ್ಮ ಕೆಸರೇಡಿಯ ಹೆಣ್ಣು ಅಳಿವೆಯಿಂದ ಕಡಲಿಗೆ ಹೋಗಿ ಮರಿ ಬಿಡುತ್ತದೆ. ಆ ಮರಿ ಐದು ಜೊಯಿಯಾ ಹಂತ ದಾಟಿ, ಮೆಗಲೋಪಾ ಆಗಿ ದಂಡೆಯ ಕಡೆ ಬಂದು, ಕೊನೆಗೆ ಏಡಿಯಾಗಿ ಕಾಂಡ್ಲದ ಕೆಸರು ಸೇರುತ್ತದೆ. ಉಷ್ಣವಲಯದ ಎಷ್ಟೋ ಏಡಿಗಳ ಮರಿ ಹೇಗಿರುತ್ತದೆಂದು ಈವರೆಗೆ ಯಾರೂ ವಿವರಿಸಿಲ್ಲ. ಬೆಳೆದ ಏಡಿಯೂ ದಾರಿ ತಪ್ಪಿಸಬಹುದು: ಸ್ಯಾಕ್ಯುಲಿನಾ ಎಂಬ ಪರಾವಲಂಬಿ ಸೇರಿಕೊಂಡರೆ ಗಂಡು ಏಡಿಯ ಹೊಟ್ಟೆಯೂ ಹೆಣ್ಣಿನದರಂತೆ ಅಗಲವಾಗುತ್ತದೆ. ಒಂದೇ ಏಡಿಯನ್ನು ನೋಡಿ ಹೊಸ ಪ್ರಭೇದ ಎಂದು ಘೋಷಿಸುವ ಆತುರ ಯಾಕೆ ಕೂಡದು ಎಂಬುದಕ್ಕೆ ಇದೊಂದೇ ಸಾಕು.

ನಮ್ಮ ಕಡಲಿನ ಏಡಿಗಳ ಬಗ್ಗೆ ಮಾತಾಡುವವರು ಆಲ್ಫ್ರೆಡ್ ಆಲ್ಕಾಕ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ವೃತ್ತಿಯಿಂದ ವೈದ್ಯರು. 1888ರಿಂದ 1892ರವರೆಗೆ ಇನ್ವೆಸ್ಟಿಗೇಟರ್ ಎಂಬ ಸರ್ವೇಕ್ಷಣಾ ಹಡಗಿನಲ್ಲಿ ವೈದ್ಯ ಮತ್ತು ಪ್ರಕೃತಿವಿಜ್ಞಾನಿ ಎರಡೂ ಆಗಿ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿಗಳ ಆಳವನ್ನು ಜಾಲಾಡಿದರು. ನಂತರ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಮುಖ್ಯಸ್ಥರಾಗಿ, 1895ರಿಂದ 1900ರೊಳಗೆ ಭಾರತದ ಏಡಿಗಳ ಮೇಲೆ ಆರು ಭಾಗಗಳ ಗ್ರಂಥಮಾಲೆಯನ್ನು ಬರೆದರು. ನೂರ ಇಪ್ಪತ್ತೈದು ವರ್ಷಗಳ ನಂತರವೂ ಭಾರತದಲ್ಲಿ ಏಡಿಯ ಕೆಲಸ ಆರಂಭಿಸುವವರು ಅದನ್ನು ತೆರೆಯಲೇಬೇಕು. ಅವರ ವಾಕ್ಯಗಳ ಸ್ಪಷ್ಟತೆಯನ್ನು ನಾನು ಪ್ರೀತಿಸುತ್ತೇನೆ. ಗಂಡಿನ ಕಡ್ಡಿಗಳನ್ನು ಚಿತ್ರಿಸುವ ಪದ್ಧತಿ ಆಗಿನ್ನೂ ಬೇರೂರಿರಲಿಲ್ಲವಾದ್ದರಿಂದ ಅವರು ಒಂದೇ ಎಂದ ಎಷ್ಟೋ ಏಡಿಗಳನ್ನು ಇಂದು ಮತ್ತೆ ಬಿಚ್ಚಿ ನೋಡಬೇಕಾಗಿದೆ. ಹಾಗೆ ನೋಡಲು ಸಾಧ್ಯವಾಗಿರುವುದು ಅವರು ಮಾದರಿಗಳನ್ನು ಉಳಿಸಿದ್ದರಿಂದ. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಗೆ ಬಳುವಳಿಯಾಗಿ ಬಂದ ಸಂಪತ್ತಿನಲ್ಲಿ ಅವೂ ಇವೆ. ಆದರೆ ಆಲ್ಕಾಕ್‌ರಿಗಿಂತ ಹಿಂದಿನವರ ಮಾದರಿಗಳು ಬರ್ಲಿನ್, ಕೋಪನ್‌ಹೇಗನ್, ಪ್ಯಾರಿಸ್, ಲಂಡನ್ನುಗಳಲ್ಲಿವೆ. ನಮ್ಮ ದಂಡೆಯ ಏಡಿ ಯಾವುದೆಂದು ತೀರ್ಮಾನಿಸಲು ನಮ್ಮ ವಿದ್ಯಾರ್ಥಿ ಅಲ್ಲಿಯವರೆಗೆ ಹೋಗಬೇಕು, ಇಲ್ಲವೆ ಅಲ್ಲಿಯವರ ದಯೆಯಿಂದ ಬರುವ ಚಿತ್ರಗಳಿಗೆ ಕಾಯಬೇಕು. ಈ ಅಸಮಾನತೆಯ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತಾಗಿಲ್ಲ.

ಏಡಿ ಕೈಗೆ ಸಿಕ್ಕ ದಿನಕ್ಕೂ ಅದಕ್ಕೆ ಹೆಸರು ಸಿಗುವ ದಿನಕ್ಕೂ ಎಷ್ಟು ಅಂತರ? ಎಲ್ಲ ಬಗೆಯ ಜೀವಿಗಳನ್ನೂ ಗಣನೆಗೆ ತೆಗೆದುಕೊಂಡು 2012ರಲ್ಲಿ ಫ್ರಾನ್ಸಿನ ಮೂವರು ಮಾಡಿದ ಲೆಕ್ಕದಲ್ಲಿ ಬಂದ ಸರಾಸರಿ 21 ವರ್ಷ. ಗುವಾಮ್ ದ್ವೀಪದಲ್ಲಿ ಹ್ಯಾರಿ ಕಾನ್ಲಿ ಎಂಬ ಹವ್ಯಾಸಿ ಸಂಗ್ರಾಹಕರು ಹವಳದ ಪುಡಿಕಲ್ಲುಗಳನ್ನು ಕೈಯಿಂದಲೇ ಆಳವಾಗಿ ತೋಡಿ ಅದರೊಳಗಿನ ಸಣ್ಣ ಜೀವಿಗಳನ್ನು ಹೆಕ್ಕುತ್ತಿದ್ದರು. ಅವರಿಗೆ ಸಿಕ್ಕ, ಒಂದು ಸೆಂಟಿಮೀಟರಿಗಿಂತಲೂ ಚಿಕ್ಕ, ಬಿಳಿಚು ಬಣ್ಣದ ಏಡಿಯೊಂದು ಸುಮಾರು ಎರಡು ದಶಕದ ನಂತರ ಸಿಂಗಾಪುರದ ತಜ್ಞರ ಮೇಜಿಗೆ ಬಂತು. 2017ರಲ್ಲಿ ಅದಕ್ಕೆ ಹ್ಯಾರಿಪ್ಲ್ಯಾಕ್ಸ್ ಸೆವೆರಸ್ ಎಂದು ಹೆಸರಾಯಿತು. ಹ್ಯಾರಿ ಪಾಟರ್ ಕಥೆಗಳನ್ನು ಓದಿದ ಮಕ್ಕಳಿಗೆ ಈ ಎರಡನೆಯ ಪದ ಎಲ್ಲಿಂದ ಬಂತೆಂದು ಗೊತ್ತಾಗಬಹುದು. ಮೊದಲ ಪದದಲ್ಲಿ ಕಾನ್ಲಿಯವರ ನೆನಪೂ ಸೇರಿದೆ. ಆ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆ ಏಡಿ ಹೊಸ ಪ್ರಭೇದ ಮಾತ್ರವಲ್ಲದೆ ಹೊಸ ಕುಲವೂ ಆಗಿತ್ತು.

ತಜ್ಞರ ಬಲೆಗೆ ಸಿಗದ್ದು ಮೀನುಗಾರರ ಬಲೆಗೆ ಸಿಕ್ಕ ಉದಾಹರಣೆ ಮತ್ತೆ ಫಿಲಿಪ್ಪೀನ್ಸಿನದು. ಬಲಿಕಸಾಗ್ ದ್ವೀಪದ ಸುತ್ತ ಕಡಲಿನ ತಳ ಗೋಡೆಯಂತೆ ನೇರವಾಗಿ ಇಳಿಯುತ್ತದೆ. ಅಲ್ಲಿ ಟ್ರಾಲ್ ಎಳೆಯಲಾಗದು. ಅಲ್ಲಿಯ ಮೀನುಗಾರರು ನೈಲಾನ್ ಬಲೆಗಳನ್ನು ಆಳಕ್ಕೆ ಇಳಿಬಿಟ್ಟು, ಸಂಗ್ರಾಹಕರಿಗೆ ಮಾರಲು ಚಂದದ ಶಂಖಗಳನ್ನು ಹಿಡಿಯುತ್ತಾರೆ. ಆ ಬಲೆಗೆ ಸಿಕ್ಕಿಕೊಂಡು ಬಂದ ಏಡಿಗಳಲ್ಲಿ ಅಪರೂಪದವು, ಹಿಂದೆ ಯಾರೂ ವಿವರಿಸದವು ಎಷ್ಟೋ ಇದ್ದವು. 2004ರಲ್ಲಿ ಹತ್ತಿರದ ಪಂಗ್ಲಾವೊ ದ್ವೀಪದಲ್ಲಿ ನಡೆದ ದೊಡ್ಡ ಅಧ್ಯಯನದ ತಂಡ ಆ ಬಲೆಯನ್ನೇ ತನ್ನ ಸಾಧನವಾಗಿ ತೆಗೆದುಕೊಂಡಿತು. ಆ ವಿಧಾನದ ಬಗ್ಗೆಯೇ ಒಂದು ಪ್ರಬಂಧವನ್ನೂ ಪ್ರಕಟಿಸಿತು. ವಿಜ್ಞಾನಿ ಮೀನುಗಾರನಿಗೆ ಸಲ್ಲಿಸಬಹುದಾದ ಸರಿಯಾದ ಗೌರವ ಅದು ಎಂದು ನಾನು ಭಾವಿಸುತ್ತೇನೆ.

ಪ್ರಾಣದ ಪ್ರಶ್ನೆಯೂ ಒಂದಿದೆ. ಹವಳದ ದಿಬ್ಬಗಳಲ್ಲಿರುವ ಕ್ಸಾಂಥಿಡೆ ಕುಟುಂಬದ ಕೆಲವು ಏಡಿಗಳು ನೋಡಲು ಬಹಳ ಚಂದ. ಜೋಸಿಮಸ್ ಈನಿಯಸ್, ಲೋಫೊಜೊಜೈಮಸ್ ಪಿಕ್ಟರ್, ಅಟೆರ್ಗಾಟಿಸ್ ಫ್ಲೋರಿಡಸ್ ಅಂಥವು. ಇವುಗಳ ಮಾಂಸದಲ್ಲಿ ನರಗಳನ್ನು ಕಟ್ಟಿಹಾಕುವ ವಿಷ ಇರಬಹುದು. ಎಷ್ಟು ಬೇಯಿಸಿದರೂ ಆ ವಿಷ ಹೋಗದು, ತಿಂದವರು ಸತ್ತದ್ದಿದೆ. ಇದೇ ಕುಟುಂಬದಲ್ಲಿ ವಿಷವಿಲ್ಲದವೂ ಇವೆ. ಅಡುಗೆಮನೆಯಲ್ಲಿ ಯಾವುದು ಯಾವುದೆಂದು ಹೇಳಬಲ್ಲ ಪುಸ್ತಕವೊಂದು ಕನ್ನಡದಲ್ಲಿ ಬರಬೇಕು, ಚಿತ್ರಗಳೊಂದಿಗೆ, ಬಡವರಿಗೆ ಎಟಕುವ ಬೆಲೆಯಲ್ಲಿ.

ಹೊಸ ಏಡಿ ದೂರದಲ್ಲೇ ಇರಬೇಕೆಂದಿಲ್ಲ. ತಮಿಳುನಾಡಿನ ಪರಂಗಿಪೇಟೆಯಲ್ಲಿ, ವೆಳ್ಳಾರ್ ನದಿಯ ಅಳಿವೆಯ ಪಕ್ಕದಲ್ಲೇ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಕೇಂದ್ರವಿದೆ. ದಶಕಗಳಿಂದ ವಿದ್ಯಾರ್ಥಿಗಳು ಓಡಾಡಿದ ದಂಡೆ ಅದು. ಅದೇ ಅಳಿವೆಯ ಕಾಂಡ್ಲದ ಬುಡದಿಂದ 2023ರಲ್ಲಿ ಹೊಸ ಏಡಿಯೊಂದು ವಿವರಣೆಗೆ ಬಂತು. ಹೆಸರು ಸ್ಯೂಡೋಹೆಲಿಸ್ ಅಣ್ಣಾಮಲೈ.

ನಮ್ಮ ಕರ್ನಾಟಕದ ಮೂರು ಜಿಲ್ಲೆಗಳ ದಂಡೆಗೆ ಬಂದರೆ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಯ ಅಳಿವೆಗಳಿವೆ, ಗಜನಿ ಗದ್ದೆಗಳಿವೆ, ನೇತ್ರಾಣಿಯ ಹವಳವಿದೆ. ಅಘನಾಶಿನಿ 2024ರಲ್ಲಿ ರಾಮ್ಸರ್ ತಾಣವಾಯಿತು. ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ. ಇಷ್ಟಿದ್ದೂ ಅತಿ ಹೆಚ್ಚು ಬಗೆಯ ಕಡಲೇಡಿಗಳು ದಿನವೂ ಕಾಣಿಸಿಕೊಳ್ಳುವ ಜಾಗಕ್ಕೆ ನಾವು ಪಾತ್ರೆ ಹಿಡಿದು ಹೋಗುತ್ತಿಲ್ಲ. ಆ ಜಾಗ ಮಲ್ಪೆಯ ಬಂದರು, ಮಂಗಳೂರಿನ ದಕ್ಕೆ. ಆಳಕ್ಕೆ ಹೋಗುವ ಟ್ರಾಲ್‌ಬೋಟುಗಳು ಮೀನು, ಸಿಗಡಿ, ಬೊಂಡಾಸುಗಳನ್ನು ಆರಿಸಿಕೊಂಡ ಮೇಲೆ ಉಳಿಯುವ ರಾಶಿಯಲ್ಲಿ ಬೆರಳಿನ ಉಗುರಿನಷ್ಟು ಏಡಿಗಳು, ಉದ್ದ ಕಾಲಿನ ಜೇಡನಂಥವು, ಗೋಲಿಯಂತೆ ದುಂಡಗಿನವು ಇರುತ್ತವೆ. ಆ ರಾಶಿ ನೇರವಾಗಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಹುಡಿಯಾಗುತ್ತದೆ. ಅದರ ಜೊತೆಗೆ ಯಾವ ಪ್ರಭೇದಗಳು ಹೆಸರಿಲ್ಲದೆ ಹುಡಿಯಾದವೋ ಎಂದು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ. ಮೀನುಗಾರರನ್ನು ದೂರುವ ಮಾತಲ್ಲ ಇದು. ಅವರು ಮೇಲೆ ತಂದದ್ದನ್ನು ಕಣ್ಣಿಟ್ಟು ನೋಡಬೇಕಾದವರು ನಾವು, ಕಲಿತವರು.

ಆದ್ದರಿಂದ ಎರಡು ಕೋರಿಕೆಗಳು. ಮೊದಲನೆಯದು ಬೋಟಿನವರಿಗೆ ಮತ್ತು ವಿದ್ಯಾರ್ಥಿಗಳಿಗೆ. ಕಂಡರಿಯದ ಏಡಿ ಬಂದರೆ ಮೊದಲು ಅದರ ಬೆನ್ನಿನದೊಂದು, ಹೊಟ್ಟೆಯದೊಂದು ಫೋಟೋ ತೆಗೆಯಿರಿ, ಬಣ್ಣ ಮಾಸುವ ಮೊದಲು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಇಡಿ. ಮಂಜುಗಡ್ಡೆಯಲ್ಲಿಟ್ಟು ತನ್ನಿ; ಫಾರ್ಮಲಿನ್ ಹಾಕಬೇಡಿ, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಮುರಿದು ಬಿದ್ದ ಕಾಲುಗಳನ್ನೂ ಜೊತೆಗೇ ಇಡಿ. ಎಷ್ಟು ಮಾರು ಆಳ, ಯಾವ ಊರಿನ ನೇರ, ಯಾವ ದಿನ, ಯಾವ ಬಲೆ ಎಂಬ ನಾಲ್ಕು ಮಾತನ್ನು ಚೀಟಿಯಲ್ಲಿ ಬರೆಯಿರಿ. ಕಾಲೇಜಿನಲ್ಲಿ ಅದನ್ನು ಆಲ್ಕೋಹಾಲಿಗೆ ಹಾಕಿ, ಆ ಚೀಟಿಯನ್ನು ಬಾಟಲಿಯ ಒಳಗೇ ಬಿಡಬೇಕು. ಪೆನ್ಸಿಲಿನಲ್ಲಿ ಬರೆದದ್ದಾಗಿರಬೇಕು, ಪೆನ್ನಿನ ಶಾಯಿ ಕರಗಿಹೋಗುತ್ತದೆ. ಹೊಸ ಪ್ರಭೇದವೆಂದು ಖಚಿತವಾದರೆ 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನಂತೆ ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಲೇಬೇಕು. ಪ್ರಾಣಿಗಳ ವಿಷಯದಲ್ಲಿ ಅಂಥದೊಂದು ಭಂಡಾರ ಪ್ರಾಣಿವಿಜ್ಞಾನ ಸರ್ವೇಕ್ಷಣೆ.

ಎರಡನೆಯದು ಈ ಉಪನ್ಯಾಸದ ದತ್ತಿಯನ್ನು ನಡೆಸುವ ಹಿರಿಯರಿಗೆ. ಮುಂದಿನ ವರ್ಷದ ಬಡ್ಡಿಯಲ್ಲಿ ಸ್ವಲ್ಪ ಭಾಗವನ್ನು ಬಂದರಿನ ಹತ್ತಿರದ ಯಾವುದಾದರೂ ಒಂದು ಕಾಲೇಜಿಗೆ ಸೂಕ್ಷ್ಮದರ್ಶಕ, ಗಾಜಿನ ಬಾಟಲಿ, ಆಲ್ಕೋಹಾಲುಗಳಿಗಾಗಿ ಕೊಡಿ. ಜೊತೆಗೆ ವಾರಕ್ಕೊಮ್ಮೆ ಬೆಳಗಿನ ಜಾವ ಬೋಟು ಬರುವ ಹೊತ್ತಿಗೆ ಬಂದರಿಗೆ ಹೋಗಿ ಬರಲು ಇಬ್ಬರು ವಿದ್ಯಾರ್ಥಿಗಳಿಗೆ ಬಸ್ಸಿನ ಖರ್ಚನ್ನೂ ಕೊಡಿ. ಅವರು ತಂದದ್ದನ್ನು ಗುರುತು ಹಿಡಿಯಲು ಕಲಿಸುವ ಹೊಣೆ ನನ್ನದು.